ಮಾಳಿಗೆ ಬಿಚ್ಚುವ ಮುನ್ನ

ಬಳ್ಳಾರಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಬಾಳಿದವರಿಗೆ ಒಂದು ಪದ್ಧತಿ ಚೆನ್ನಾಗಿ ತಿಳಿದಿರುತ್ತದೆ. ಜಂತೆಗಳಿಗೆ ಗೆದ್ದಲು ಹಿಡಿದು, ಮಳೆಗಾಲದಲ್ಲಿ ಸೋರತೊಡಗಿ, ಮಾಳಿಗೆಯನ್ನು ಬಿಚ್ಚಿ ಹೊಸದಾಗಿ ಹಾಕಿಸುವ ಪ್ರಸಂಗ ಬಂದಾಗ ಮನೆಯ ಯಜಮಾನನು ಮೊದಲು ಬಡಗಿಯನ್ನು ಕರೆಯುವುದಿಲ್ಲ. ಮನೆಯೊಳಗಿನ ಸಾಮಾನನ್ನು ಹೊರಗೆ ಸಾಗಿಸುತ್ತಾನೆ. ದೇವರ ಪೆಟ್ಟಿಗೆ, ಹೊಲದ ಕಾಗದಪತ್ರ, ಬೀಜದ ಕಾಳು, ಇವು ಪಕ್ಕದ ಮನೆ ಸೇರಿದ ಮೇಲೆಯೇ ಹಾರೆಯ ಮೊದಲನೆಯ ಏಟು. ಮಾಳಿಗೆ ಕುಸಿದರೆ ಮತ್ತೆ ಹಾಕಿಸಬಹುದು. ಅದರಡಿಯಲ್ಲಿ ಸಿಕ್ಕಿ ಹಾಳಾದುದನ್ನು ಮತ್ತೆ ತರಲಾಗದು ಎಂಬ ವಿವೇಕ ಇದರ ಹಿಂದಿದೆ.

ಈ ವಿವೇಕವನ್ನು ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಎಷ್ಟೋ ಮಂದಿ ಮರೆತುಬಿಡುತ್ತಾರೆ. ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಿಂತು ಎಲ್ಲ ಕೆಲಸವನ್ನು ನಡೆಸಿಕೊಡುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಬಹುತೇಕ ಮನೆಗಳಲ್ಲಿ ಇರುವುದು ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್. ಅದು ಮನೆಯ ಮಾಳಿಗೆಯಿದ್ದಂತೆ. ಮಗಳ ಮದುವೆಯ ಚಿತ್ರಗಳು, ಮನೆಯ ಲೆಕ್ಕ, ಬರೆದಿಟ್ಟ ಕಾಗದಗಳು ಇವು ಅದರಡಿಯ ಸಾಮಾನು. ಹಳೆಯ ವಿಂಡೋಸನ್ನು ತೆಗೆದು ಹೊಸದನ್ನು ಹಾಕುವುದೆಂದರೆ ಸಾಮಾನನ್ನೆಲ್ಲ ಒಳಗೇ ಬಿಟ್ಟು ಮಾಳಿಗೆ ಬಿಚ್ಚುವ ಸಾಹಸ. ಹೆಚ್ಚಿನ ಸಲ ಅದು ಸುಸೂತ್ರವಾಗಿ ನಡೆಯುತ್ತದೆ. ನಡೆಯದೆ ಹೋದ ದಿನ ಏನು ಮಾಡಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆ ಈಚೆಗೆ ಮನೆಮನೆಗೂ ಬಂದುದಕ್ಕೆ ಕಾರಣವುಂಟು. ವಿಂಡೋಸ್ ಎಕ್ಸ್‌ಪಿಗೆ ೨೦೧೪ರ ಏಪ್ರಿಲ್ ೮ರಂದು, ವಿಂಡೋಸ್ ೭ಕ್ಕೆ ೨೦೨೦ರ ಜನವರಿ ೧೪ರಂದು ಕಂಪೆನಿಯು ತನ್ನ ಆರೈಕೆಯನ್ನು ನಿಲ್ಲಿಸಿತು. ವಿಂಡೋಸ್ ೧೦ರ ಸರದಿ ೨೦೨೫ರ ಅಕ್ಟೋಬರ್ ೧೪ಕ್ಕೆ ಬಂತು. ಆರೈಕೆ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಹೊಸದಾಗಿ ಕಂಡುಬಂದ ಕಳ್ಳಗಂಡಿಗಳನ್ನು ಮುಚ್ಚುವ ಕೆಲಸ ನಿಂತಿತೆಂದು ಮಾತ್ರ ಅರ್ಥ. ಆದರೆ ಮುಂದಿನದಾದ ವಿಂಡೋಸ್ ೧೧ ಎಲ್ಲ ಯಂತ್ರಗಳನ್ನೂ ಒಪ್ಪುವುದಿಲ್ಲ. ೪ ಗಿಗಾಬೈಟು ಸ್ಮೃತಿ, ೬೪ ಗಿಗಾಬೈಟು ಜಾಗ, ಕಂಪೆನಿಯ ಪಟ್ಟಿಯಲ್ಲಿರುವ ಪ್ರೊಸೆಸರು, ಟಿಪಿಎಂ ೨.೦ ಎಂಬ ರಕ್ಷಣಾ ಸಾಧನ, ಇಷ್ಟೂ ಇರಬೇಕೆಂಬುದು ಅದರ ಷರತ್ತು. ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ಈ ಷರತ್ತಿನಿಂದಲೇ ಹೊರಗುಳಿದವು.

ಇಟ್ಟಿಗಿಯ ಮೇಷ್ಟ್ರು

ಹೂವಿನ ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆಂದು ಭಾವಿಸಬಹುದು. ಇದು ಕಲ್ಪನೆಯ ಕಥೆಯಾದರೂ ಹತ್ತು ಊರುಗಳಲ್ಲಿ ನಡೆಯುವ ಕಥೆಯೇ. ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ತಮ್ಮ ಸೀಮೆಯ ವಿಷಯವನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತ ಬಂದಿದ್ದಾರೆ. ಹೊಲಗಳ ಹೆಸರು, ಕೆರೆಕಟ್ಟೆಗಳ ಸುದ್ದಿ, ಮುದುಕಿಯರು ಹೇಳಿದ ಬೀಸುವ ಪದ, ಮನೆತನದ ವಂಶಾವಳಿ ಎಲ್ಲವೂ ಅದರಲ್ಲಿವೆ. ಚಾಲುಕ್ಯರ ಕಾಲದ ಮಹಾದೇವ ದೇವಾಲಯವಿರುವ ಇಟಗಿ ಕೊಪ್ಪಳ ಜಿಲ್ಲೆಯದು, ತಮ್ಮ ಇಟ್ಟಿಗಿ ಅದಲ್ಲ ಎಂಬ ವಿವರಣೆಯೇ ಮೊದಲನೆಯ ಅಧ್ಯಾಯ. ಪದ ಹೇಳಿದ ಮುದುಕಿಯರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಆ ಬರಹದ ಮತ್ತೊಂದು ಪ್ರತಿಯೂ ಇಲ್ಲ.

ಯಂತ್ರ ವಿಂಡೋಸ್ ೧೧ಕ್ಕೆ ಯೋಗ್ಯವೆಂದು ಪರದೆಯೇ ಹೇಳಿತು. ಮೇಷ್ಟ್ರು ಗುಂಡಿಯೊತ್ತಿದರು. ಶೇಕಡಾ ಎಣಿಕೆ ಎಪ್ಪತ್ತನ್ನು ಮುಟ್ಟಿ ಬಹಳ ಹೊತ್ತು ನಿಂತಿತು. ಬಳಿಕ ಬದಲಾವಣೆಗಳನ್ನು ಹಿಂದೆಗೆದುಕೊಳ್ಳಲಾಗುತ್ತಿದೆ ಎಂಬ ಅರ್ಥದ ಮಾತು ಮೂಡಿ, ಹಳೆಯ ವಿಂಡೋಸೇ ಮತ್ತೆ ಎದ್ದಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ನಡುವೆ ಕರೆಂಟು ಹೋಯಿತು. ಕರೆಂಟು ಬಂದಾಗ ಯಂತ್ರ ಏಳಲಿಲ್ಲ; ಕಪ್ಪು ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಸುತ್ತುತ್ತಲೇ ಉಳಿದವು.

ರಿಪೇರಿಯ ಹುಡುಗ ಬಂದು ನೋಡಿ, “ಮೇಷ್ಟ್ರೆ, ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸರಿ ಹೋಗ್ತೈತ್ರಿ” ಎಂದ. ಆ ಮಾತಿನಲ್ಲಿ ಕಪಟವಿಲ್ಲ. ಯಂತ್ರದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಫಾರ್ಮ್ಯಾಟ್ ಎಂದರೆ ಮನೆಯನ್ನು ನೆಲಸಮ ಮಾಡಿ ಹೊಸದಾಗಿ ಕಟ್ಟುವುದು. ಯಂತ್ರ ಏಳುತ್ತದೆ, ಇಪ್ಪತ್ತು ವರ್ಷ ಏಳುವುದಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗಳು ಫೋನಿನಲ್ಲಿ ಹೇಳಿದ ಮಾತು ಬೇರೆ: “ತಾತ, ಭಾನುವಾರ ನಾನು ಬರೋವರೆಗೂ ಅದನ್ನ ಯಾರೂ ಮುಟ್ಟೋದು ಬೇಡ. ಮೊದಲು ನಿಮ್ಮ ಬರಹ ಹೊರಗೆ ತೆಗೀತೀನಿ. ಯಂತ್ರದ ಮಾತು ಆಮೇಲೆ.”

ಕಾರ್ಣಿಕದಂಥ ಸಂಖ್ಯೆ

ಮೇಷ್ಟ್ರು ಮಾಡಿದ ತಪ್ಪು ಗುಂಡಿಯೊತ್ತಿದುದಲ್ಲ. ಮೊದಲೆರಡು ಸಲ ಯಂತ್ರ ಹೇಳಿದ ಕಾರಣವನ್ನು ಓದದೆ ಮೂರನೆಯ ಸಲ ಅದನ್ನೇ ಮಾಡಿದುದು. ಇಂಥ ಬದಲಾವಣೆ ನಾಲ್ಕು ಹಂತಗಳಲ್ಲಿ ನಡೆಯುತ್ತದೆ. ಹಳೆಯ ವ್ಯವಸ್ಥೆ ನಡೆಯುತ್ತಿರುವಾಗಲೇ ಹೊಸದರ ಸಾಮಗ್ರಿ ಬಂದು ಬೀಳುವುದು ಮೊದಲನೆಯದು. ಯಂತ್ರವು ಒಂದು ಚಿಕ್ಕ ತಾತ್ಕಾಲಿಕ ವ್ಯವಸ್ಥೆಯಲ್ಲಿ ನಿಂತು ಹಳೆಯದನ್ನು ಬದಿಗೆ ಸರಿಸಿ ಹೊಸದನ್ನು ಜೋಡಿಸುವುದು ಎರಡನೆಯದು. ಹೊಸದು ಮೊದಲ ಬಾರಿ ಎದ್ದು ಯಂತ್ರದ ಭಾಗಗಳನ್ನು ಗುರುತಿಸಿಕೊಳ್ಳುವುದು ಮೂರನೆಯದು. ಕಡೆಯ ಸಲ ಎದ್ದು ಬಳಕೆದಾರನ ಕಡತಗಳನ್ನೂ ಏರ್ಪಾಡುಗಳನ್ನೂ ವಹಿಸಿಕೊಳ್ಳುವುದು ನಾಲ್ಕನೆಯದು. ಎಲ್ಲಿಯಾದರೂ ಎಡವಿದರೆ ವ್ಯವಸ್ಥೆಯು ತಾನೇ ಹಿಂದಕ್ಕೆ ನಡೆದು ಹಳೆಯದನ್ನು ನಿಲ್ಲಿಸಲು ಪ್ರಯತ್ನಿಸುತ್ತದೆ. ಎಣಿಕೆ ಒಂದೇ ಕಡೆ ನಿಂತಿತೆಂದು ಗಾಬರಿಯಿಂದ ಸ್ವಿಚ್ಚು ಆರಿಸುವವನು ಈ ಹಿಮ್ಮುಖ ಪಯಣವನ್ನೂ ಕೆಡಿಸುತ್ತಾನೆ. ತಾಸುಗಟ್ಟಲೆ ಕಾಯುವುದು ಇಲ್ಲಿ ಸೋಮಾರಿತನವಲ್ಲ, ಚಿಕಿತ್ಸೆಯ ಒಂದು ಭಾಗ. ಯುಪಿಎಸ್ ಇಲ್ಲದ ಯಂತ್ರದಲ್ಲಿ, ಕರೆಂಟಿನ ಭರವಸೆಯಿಲ್ಲದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈಹಾಕಲೇಬಾರದು.

ಹಿಂದಕ್ಕೆ ಬಂದ ವ್ಯವಸ್ಥೆ ಒಂದು ಸಂಖ್ಯೆಯನ್ನು ತೋರಿಸುತ್ತದೆ. ಹಡಗಲಿ ತಾಲ್ಲೂಕಿನವರೇ ಆದ ಮೇಷ್ಟ್ರಿಗೆ ಇದು ಹೊಸತೆನಿಸಬಾರದಿತ್ತು. ಅದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ಡೆಂಕನಮರಡಿಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ನೆರೆದವರನ್ನು ಸುಮ್ಮನಾಗಿಸಿ ಒಂದೇ ಒಂದು ಮಾತನ್ನು ನುಡಿಯುತ್ತಾನೆ. ಆ ಚುಟುಕು ಮಾತಿಗೆ ಜನ ವರ್ಷವಿಡೀ ಅರ್ಥ ಹುಡುಕುತ್ತಾರೆ. ಕಂಪ್ಯೂಟರಿನ ಕಾರ್ಣಿಕವೂ ಅಷ್ಟೇ ಚುಟುಕು. ಆದರೆ ಇದಕ್ಕೆ ಅರ್ಥ ಮೊದಲೇ ಗೊತ್ತುಮಾಡಿದ್ದು. ಬರೆದುಕೊಳ್ಳುವ ತಾಳ್ಮೆಯೊಂದು ಬೇಕು.

೮೦೦೭೦೦೭೦ ಎಂದು ಕೊನೆಗೊಳ್ಳುವ ಸಂಖ್ಯೆ ಬಂದರೆ ಡಿಸ್ಕಿನಲ್ಲಿ ಜಾಗ ಸಾಲದೆಂದು ಅರ್ಥ. ಬೇಡದ್ದನ್ನು ತೆಗೆದು, ಚಿತ್ರಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿದರೆ ದಾರಿ ತೆರೆಯುತ್ತದೆ. ಸಿ೧೯೦೦೨೦೮ ಎಂದಿದ್ದರೆ ಹೊಸದಕ್ಕೆ ಹೊಂದದ ಯಾವುದೋ ತಂತ್ರಾಂಶ ಅಡ್ಡ ಕುಳಿತಿದೆ. ಸಿ೧೯೦೦೨೦೦ ಎಂದಿದ್ದರೆ ಯಂತ್ರವೇ ಷರತ್ತುಗಳನ್ನು ಪೂರೈಸುತ್ತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಸಿ೧೯೦೦೧೦೧. ಪ್ರಿಂಟರು, ವೈಫೈ, ಚಿತ್ರದ ಕಾರ್ಡು ಮುಂತಾದ ಭಾಗಗಳನ್ನು ನಡೆಸುವ ಡ್ರೈವರು ಎಂಬ ತಂತ್ರಾಂಶಗಳಲ್ಲೊಂದು ಹೊಸ ವ್ಯವಸ್ಥೆಯೊಡನೆ ಜಗಳವಾಡಿತೆಂಬುದರ ಸೂಚನೆ ಇದು. ಕೀಲಿಮಣೆ, ಮೌಸು, ಪರದೆ ಇಷ್ಟನ್ನು ಬಿಟ್ಟು ಉಳಿದುದನ್ನೆಲ್ಲ ಕಳಚಿ, ಹೊರಗಿನಿಂದ ಹಾಕಿಕೊಂಡ ವೈರಸ್ ನಿರೋಧಕವನ್ನು ತೆಗೆದು, ಡ್ರೈವರುಗಳನ್ನು ಹೊಸದು ಮಾಡಿ ಮತ್ತೆ ಪ್ರಯತ್ನಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಬೇಕು. ಐದು ಔಷಧಿಗಳನ್ನು ಒಟ್ಟಿಗೆ ಕುಡಿಸಿದ ವೈದ್ಯನಿಗೆ ಗುಣವಾದದ್ದು ಯಾವುದರಿಂದ ಎಂಬುದು ಎಂದಿಗೂ ತಿಳಿಯದು.

ಏಳದ ಯಂತ್ರದಿಂದ ಎತ್ತಿಕೊಂಡದ್ದು

ಭಾನುವಾರ ಮೊಮ್ಮಗಳು ಬಂದಳು. ಯಂತ್ರ ಎರಡು ಮೂರು ಬಾರಿ ಏಳಲಾರದೆ ಹೋದಾಗ ವಿಂಡೋಸಿನ ದುರಸ್ತಿಯ ಪರದೆ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಅಲ್ಲಿ ಪ್ರಾರಂಭದ ದುರಸ್ತಿ, ಹಿಂದಿನ ವ್ಯವಸ್ಥೆಗೆ ಮರಳುವಿಕೆ, ಅಗತ್ಯವಿರುವಷ್ಟು ಭಾಗಗಳನ್ನು ಮಾತ್ರ ಎಬ್ಬಿಸುವ ಸೇಫ್ ಮೋಡ್ ಎಂಬ ದಾರಿಗಳಿವೆ. ಅವಳು ಅವನ್ನು ಒಂದೊಂದಾಗಿ ನೋಡಿದಳು. ಯಾವುದೂ ಫಲಿಸದಿದ್ದಾಗ ಬೇರೊಂದು ಕಂಪ್ಯೂಟರಿನಲ್ಲಿ ಸಿದ್ಧಮಾಡಿ ತಂದಿದ್ದ ಪೆನ್‌ಡ್ರೈವನ್ನು ಸಿಕ್ಕಿಸಿದಳು. ಅದರಲ್ಲಿದ್ದುದು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ. ಡಿಸ್ಕಿನಲ್ಲಿ ಏನನ್ನೂ ಬರೆಯದೆ ಅದು ಪೆನ್‌ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಬಲ್ಲುದು. ಮಾಳಿಗೆ ಕುಸಿದ ಮನೆಗೆ ಹಿತ್ತಿಲ ಬಾಗಿಲಿನಿಂದ ಹೋದಂತೆ ಅವಳು ಒಳಹೊಕ್ಕಳು. ಮೇಷ್ಟ್ರ ಕಡತಗಳೆಲ್ಲ ಇದ್ದಲ್ಲಿಯೇ ಇದ್ದವು. ಕೆಟ್ಟಿದ್ದುದು ಯಂತ್ರವನ್ನು ಎಬ್ಬಿಸುವ ಭಾಗ, ಬರಹವಲ್ಲ. ಒಂದು ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಆ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಕಡತಗಳ ಸಂಖ್ಯೆಯನ್ನು ತಾಳೆ ನೋಡಿದ ಮೇಲೆಯೇ ಅವಳು ಫಾರ್ಮ್ಯಾಟಿಗೆ ಒಪ್ಪಿದಳು.

ಇಲ್ಲೊಂದು ಎಚ್ಚರಿಕೆ ಸಲ್ಲುತ್ತದೆ. ಹೊಸ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗುಪ್ತ ಬೀಗ ಬಿದ್ದಿರುವುದುಂಟು. ಅದಕ್ಕೆ ೪೮ ಅಂಕಿಗಳ ಕೀಲಿಸಂಖ್ಯೆಯಿದೆ. ಅದಿಲ್ಲದೆ ಹಿತ್ತಿಲ ಬಾಗಿಲೂ ತೆರೆಯದು. ಯಂತ್ರ ಚೆನ್ನಾಗಿರುವಾಗಲೇ ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಬೇಕು.

ದೊಡ್ಡ ಸಂಸ್ಥೆಗಳೂ ಇದೇ ಪಾಠವನ್ನು ಕಲಿತದ್ದು ೨೦೨೪ರ ಜುಲೈ ೧೯ರಂದು. ಅಂದು ಕೆಟ್ಟದ್ದು ವಿಂಡೋಸ್ ಅಲ್ಲ. ಅದರೊಡನೆ ಹೆಣೆದುಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಕಂಪೆನಿಯ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಸಣ್ಣ ತಿದ್ದುಪಡಿ. ಭಾರತದ ಸಮಯ ಬೆಳಿಗ್ಗೆ ೯ ಗಂಟೆ ೩೯ ನಿಮಿಷಕ್ಕೆ ಹೊರಬಿದ್ದ ಆ ಕಡತವನ್ನು ಕಂಪೆನಿಯು ೭೮ ನಿಮಿಷಗಳಲ್ಲಿ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಲೋಕದಾದ್ಯಂತ ಸುಮಾರು ೮೫ ಲಕ್ಷ ಕಂಪ್ಯೂಟರುಗಳು ನೀಲಿ ಪರದೆಗೆ ಬಿದ್ದಿದ್ದವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸಾಲುಗಳು ಬೆಳೆದು, ಸಿಬ್ಬಂದಿಯು ಕೆಲಸವನ್ನು ಕೈಯಿಂದಲೇ ನಡೆಸಬೇಕಾಯಿತು. ದೇಶದ ಕೆಲವು ನಿಲ್ದಾಣಗಳಲ್ಲಿ ವಿಮಾನವೇರುವ ಚೀಟಿಗಳನ್ನು ಪೆನ್ನಿನಿಂದ ಬರೆದುಕೊಟ್ಟರು. ಪರಿಹಾರವಾದರೂ ಎಷ್ಟು ಸರಳ! ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಿ, ಮತ್ತೆ ಚಾಲೂ ಮಾಡುವುದು. ಆದರೆ ಏಳದ ಯಂತ್ರಕ್ಕೆ ದೂರದಿಂದ ಆಜ್ಞೆ ಕೊಡಲಾಗದು. ಆದ್ದರಿಂದ ಅಸಂಖ್ಯಾತ ಯಂತ್ರಗಳ ಬಳಿಗೆ ಮನುಷ್ಯರೇ ಹೋಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಬೀಗ ಬಿದ್ದ ಡಿಸ್ಕುಗಳಿಗೆ ೪೮ ಅಂಕಿಗಳನ್ನು ಬರೆದಿಟ್ಟವರು ಬೇಗ ಪಾರಾದರು. ಫಾರ್ಮ್ಯಾಟಿನ ಮಾತು ಯಾರಿಗೂ ಮೊದಲನೆಯದಾಗಿ ಹೊಳೆಯಲಿಲ್ಲ.

ಎದ್ದ ಯಂತ್ರ, ಮಲಗಿದ ಅಕ್ಷರ

ಇಟ್ಟಿಗಿಯ ಮನೆಯಲ್ಲಿ ಸಂಜೆಯ ಹೊತ್ತಿಗೆ ಹೊಸ ವಿಂಡೋಸ್ ಎದ್ದಿತು. ಮೊಮ್ಮಗಳು ನಕಲನ್ನು ಮರಳಿ ತುಂಬಿ ಮೊದಲನೆಯ ಅಧ್ಯಾಯವನ್ನು ತೆರೆದಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬಾಗಿದರು. ಪರದೆಯ ತುಂಬ ಒಂದೂ ಕನ್ನಡ ಅಕ್ಷರವಿರಲಿಲ್ಲ. ಕನ್ನಡ ಎಂಬ ಮೂರಕ್ಷರದ ಮಾತು ಇರಬೇಕಾದಲ್ಲಿ ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಗೀಟು ಹೊತ್ತ ‘ಎ’, ಅದರ ಪಕ್ಕದಲ್ಲಿ ಬ್ರಿಟಿಷರ ಪೌಂಡಿನ ಗುರುತು! ಸಾಲುಸಾಲಾಗಿ ಇಂಥದೇ ಕಸ. “ಎಲ್ಲಾ ಹೋತಲ್ಲವ್ವಾ” ಎಂದು ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

ಹೋಗಿರಲಿಲ್ಲ. ಕನ್ನಡ ಕಂಪ್ಯೂಟರಿನ ಇತಿಹಾಸ ಬಲ್ಲವರಿಗೆ ಈ ಕಸದ ಮರ್ಮ ಗೊತ್ತು. ಕೆ.ಪಿ. ರಾವ್ ಅವರ ‘ಸೇಡಿಯಾಪು’, ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿ ಸರಕಾರಿ ಕಚೇರಿಗಳನ್ನೆಲ್ಲ ಹೊಕ್ಕ ‘ನುಡಿ’, ಇವುಗಳಿಂದ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯಲು ಕಲಿತರು. ಅಂದಿನ ಫಾಂಟುಗಳಲ್ಲಿ ಅಕ್ಷರಗಳಿಗಿದ್ದುದು ೨೫೬ ಮನೆಗಳು ಮಾತ್ರ. ಅವೂ ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳ ಚಿಹ್ನೆಗಳಿಗೂ ಸೇರಿದ ಮನೆಗಳು. ಕನ್ನಡದ ಅಕ್ಷರಭಾಗಗಳು ಅಲ್ಲಿ ಬಾಡಿಗೆಗೆ ಕುಳಿತವು. ನುಡಿಯ ಫಾಂಟು ಇರುವವರೆಗೆ ಪೌಂಡಿನ ಗುರುತಿನ ಮನೆಯಲ್ಲಿ ‘ನ’ಕಾರ ಕಾಣುತ್ತದೆ. ಫಾಂಟು ಹೋದರೆ ಮನೆಯ ಮೂಲ ಒಡೆಯನ ಮುಖ ಕಾಣುತ್ತದೆ. ಬರಹ ಕೆಟ್ಟಿಲ್ಲ, ಅದನ್ನು ಓದಿ ಹೇಳುವ ಕನ್ನಡಿ ಕಾಣೆಯಾಗಿದೆ, ಅಷ್ಟೆ.

ಮೊಮ್ಮಗಳು ಎಲ್ಲ ಕಡತಗಳನ್ನೂ ಹೊರಗೆ ತೆಗೆದಿದ್ದಳು, ಫಾಂಟುಗಳನ್ನು ಮರೆತಿದ್ದಳು. ಹಳೆಯ ವ್ಯವಸ್ಥೆಯ ಮೇಲೆಯೇ ಹೊಸದನ್ನು ಕೂರಿಸಿದ್ದರೆ ಅವು ಸಾಮಾನ್ಯವಾಗಿ ಉಳಿಯುತ್ತಿದ್ದವು. ಫಾರ್ಮ್ಯಾಟಿನಲ್ಲಿ ಅಳಿಸಿಹೋಗಿದ್ದವು. ಎಷ್ಟೋ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ಮನೆಗಳಲ್ಲಿ ಇಂಥ ಕಡತಗಳನ್ನು ಕೆಟ್ಟವೆಂದು ಭಾವಿಸಿ ಅಳಿಸಿಬಿಡುವ ಅಪಾಯ ಇರುವುದು ಈ ಘಟ್ಟದಲ್ಲಿಯೇ. ಉಚಿತವಾಗಿ ದೊರೆಯುವ ನುಡಿಯನ್ನು ಅವಳು ಮತ್ತೆ ಸ್ಥಾಪಿಸಿ, ಕಡತಕ್ಕೆ ಅದೇ ಫಾಂಟನ್ನು ಹಚ್ಚಿದಳು. ಪೌಂಡಿನ ಗುರುತು ಮಾಯವಾಗಿ ‘ಇಟ್ಟಿಗಿ’ ಎಂಬ ಶೀರ್ಷಿಕೆ ಮೂಡಿತು. ಮೇಷ್ಟ್ರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು.

ಆದರೂ ಬಾಡಿಗೆಯ ಮನೆ ಬಾಡಿಗೆಯದೇ. ೧೯೯೧ರಲ್ಲಿ ಹೊರಬಂದ ಯೂನಿಕೋಡ್ ಎಂಬ ಲೋಕಸಂಕೇತದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಸ್ವಂತ ನಿವೇಶನ ದೊರೆತಿದೆ. ಅದರಲ್ಲಿ ಬರೆದ ‘ನ’ಕಾರವು ಯಾವ ಫಾಂಟಿನಲ್ಲಿಯೂ ‘ನ’ಕಾರವೇ. ಇದಕ್ಕೆ ವಿಂಡೋಸಿನೊಳಗಿನ ಉದಾಹರಣೆಯೇ ಉಂಟು. ವಿಂಡೋಸ್ ಎಕ್ಸ್‌ಪಿಯೊಡನೆ ೨೦೦೧ರಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂದಿತ್ತು. ಹಡಗಲಿ ಸೀಮೆಯವರಿಗೆ ಆ ಹೆಸರು ತಮ್ಮ ಹೊಳೆಯದೇ ಅನ್ನಿಸಿದರೆ ಅಚ್ಚರಿಯಿಲ್ಲ. ವಿಂಡೋಸ್ ೧೦ರಲ್ಲಿ ತುಂಗಾ ಬೇಕೆಂದವರು ಮಾತ್ರ ಹಾಕಿಕೊಳ್ಳುವ ಐಚ್ಛಿಕ ಫಾಂಟಾಗಿ ಹಿಂದೆ ಸರಿಯಿತು. ಅದರ ಸ್ಥಾನದಲ್ಲಿ ‘ನಿರ್ಮಲಾ’ ನಿಂತಿತು. ತುಂಗಾದಲ್ಲಿ ಬರೆದವರ ಕಡತಗಳು ನಿರ್ಮಲಾದಲ್ಲಿಯೂ ಕನ್ನಡವಾಗಿಯೇ ತೆರೆದವು. ಅಕ್ಷರದ ಉಡುಪು ಬದಲಾಯಿತು, ಅಕ್ಷರ ಬದಲಾಗಲಿಲ್ಲ.

ಹಳೆಯ ಬರಹವನ್ನು ಯೂನಿಕೋಡಿಗೆ ಸಾಗಿಸುವ ಪರಿವರ್ತಕಗಳು ನುಡಿ ಮತ್ತು ಬರಹ ತಂತ್ರಾಂಶಗಳಲ್ಲಿಯೇ ಇವೆ. ಮೂಲ ಕಡತವನ್ನು ಹಾಗೆಯೇ ಉಳಿಸಿ, ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಇಡಬೇಕು. ಬಳಿಕ ಕಣ್ಣಿಟ್ಟು ಓದಬೇಕು. ವಿಶೇಷವಾಗಿ ಅರ್ಕಾವೊತ್ತಿನ ಕಡೆ ಗಮನವಿರಲಿ. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಮಕಾರದ ಅನಂತರ ಅರ್ಕಾವೊತ್ತನ್ನು ಇಡುತ್ತಿತ್ತು. ಯೂನಿಕೋಡ್ ಕಿವಿಗೆ ಕೇಳುವ ಕ್ರಮದಲ್ಲಿ ರೇಫವನ್ನು ಮೊದಲಿಡುತ್ತದೆ. ಈ ಅದಲುಬದಲಿನಲ್ಲಿ ಪರಿವರ್ತಕ ಎಡವುವುದುಂಟು. ಇಂಗ್ಲಿಷ್ ಮಾತುಗಳು ನಡುನಡುವೆ ಬಂದಿದ್ದರೆ ಅವೂ ಕನ್ನಡದ ಕಸವಾಗಿ ಮಾರ್ಪಡಬಹುದು. ದಸರಾ ರಜೆಯಲ್ಲಿ ಮೇಷ್ಟ್ರು ಹಳೆಯ ಪ್ರತಿಯನ್ನು ಓದುವುದು, ಮೊಮ್ಮಗಳು ಹೊಸದರಲ್ಲಿ ಬೆರಳಿಟ್ಟು ತಾಳೆ ನೋಡುವುದು ಎಂದು ಏರ್ಪಾಡಾಯಿತು. ಬೀಸುವ ಪದಗಳಿಗೆ ಹೀಗೆ ಎರಡನೆಯ ಸಲ ಒಬ್ಬ ಕೇಳುಗಳು ದೊರೆತಳು.

ಉಳಿದ ಮಾತು

ಷರತ್ತಿಗೆ ಹೊಂದದ ಯಂತ್ರವುಳ್ಳವರು ನಿರಾಶರಾಗಬೇಕಿಲ್ಲ. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದೂ ಮಲಗಿರುತ್ತದೆ. ಬಲ್ಲವರಿಂದ ಅದನ್ನು ಎಬ್ಬಿಸಿದರೆ ಸಾಕು. ವಿಂಡೋಸ್ ೧೦ರಲ್ಲಿಯೇ ಉಳಿಯುವ ಮನೆಗಳಿಗಾಗಿ ೨೦೨೬ರ ಅಕ್ಟೋಬರ್ ೧೩ರವರೆಗೆ ರಕ್ಷಣಾ ತಿದ್ದುಪಡಿಗಳನ್ನು ಕೊಡುವ ಏರ್ಪಾಡನ್ನು ಕಂಪೆನಿಯು ಪ್ರಕಟಿಸಿತ್ತು. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡು ಕನ್ನಡದಲ್ಲಿಯೇ ಬರೆಯುತ್ತಿರುವವರೂ ಇದ್ದಾರೆ. ಹೊಸದಕ್ಕೆ ಹೋಗಿ ಒಗ್ಗದವರು ಹತ್ತು ದಿನಗಳೊಳಗೆ ಹಳೆಯದಕ್ಕೆ ಮರಳಬಹುದು. ಆ ಅವಧಿಯಲ್ಲಿ ಹಳೆಯ ವಿಂಡೋಸನ್ನು ಯಂತ್ರ ಒಂದು ಮೂಲೆಯಲ್ಲಿ ಕಾದಿಟ್ಟಿರುತ್ತದೆ. ಜಾಗ ತೆರವು ಮಾಡುವ ಭರದಲ್ಲಿ ಅದನ್ನು ಮೊದಲ ದಿನವೇ ಅಳಿಸಬಾರದು.

ಇಟ್ಟಿಗಿಯ ಬರಹಕ್ಕೆ ಈಗ ಮೂರು ಪ್ರತಿಗಳಿವೆ. ಒಂದು ಯಂತ್ರದಲ್ಲಿ, ಒಂದು ದಾವಣಗೆರೆಯಲ್ಲಿ ಮೊಮ್ಮಗಳ ಬಳಿ. ಮೂರನೆಯದು ಒಂದು ಪುಟ್ಟ ಡಿಸ್ಕಿನಲ್ಲಿ, ನುಡಿಯ ಫಾಂಟುಗಳ ಸಮೇತ, ಹೊಲದ ಪತ್ರಗಳಿರುವ ಟ್ರಂಕಿನೊಳಗೆ.